ಕಣ್ಣು ಹೊಡೆಯುವ ಗಾರ್ಲಂಡ್

ರೋರಿಂಗ್ ರಿವರ್, ನಾರ್ತ್ ಕ್ಯಾರೊಲೈನಾ
ಫೆಬ್ರುವರಿ 22, 1983

ಪ್ರೀತಿಯ ಗಾರ್ಲಂಡ್,

ಡೇಟೋನಾದ ಕಾರು ಓಟದಲ್ಲಿ ನೀನು ಏಳನೆಯವನಾಗಿ ಬಂದೆ, ಕೈಕಾಲು ನೆಟ್ಟಗಿವೆ, ನಿನ್ನ ಅಕ್ಕನಿಗೆ ಅಷ್ಟು ಸಾಕು. ಭಾನುವಾರ ಪಾದ್ರಿ ಬಿಲ್ಲಿಂಗ್ಸ್ ಹನ್ನೊಂದು ಮುಕ್ಕಾಲಿಗೇ ಆಮೆನ್ ಹೇಳಿಬಿಟ್ಟರು. ನರಕದ ವಿಷಯ ಎತ್ತಿಕೊಂಡವರು ಅರ್ಧಕ್ಕೇ ಕೈಬಿಟ್ಟರು. ಬಾಗಿಲ ಹತ್ತಿರ ನನ್ನ ಕೈ ಕುಲುಕುತ್ತಾ, "ಉಳಿದಿದ್ದು ಮುಂದಿನ ವಾರ ಹೇಳ್ತೀನಿ ಇಮೋಜೀನ್, ನಂಗೊಂದು ಕುರ್ಚಿ ಹಿಡಿದಿಟ್ಟಿರು" ಅಂದರು. ನಿನ್ನ ಓಟ ನೋಡಲು ನಮ್ಮ ಮುಂದಿನ ಕೋಣೆಯ ಟಿ.ವಿ. ಎದುರು ಹದಿನೇಳು ಜನ. ವಾರವೆಲ್ಲ ಕಾರ್ಖಾನೆಯಲ್ಲಿ ಕೋಳಿ ಕತ್ತರಿಸಿ ಭಾನುವಾರ ಮನೆಯಲ್ಲಿ ಕೋಳಿ ಕರಿಯುವ ಹಣೆಬರಹ ನನ್ನದು.

ನೆನಪಿದೆಯಾ, ಮೊದಲೆಲ್ಲ ಟಿ.ವಿ.ಯಲ್ಲಿ ಶನಿವಾರ ಮಧ್ಯಾಹ್ನ ಇಪ್ಪತ್ತೇ ನಿಮಿಷ ತೋರಿಸುತ್ತಿದ್ದರು. ಅದೂ ಓಟ ಮುಗಿದು ಎರಡು ವಾರವಾದ ಮೇಲೆ, ಮಂಜಿನ ಮೇಲೆ ಜಾರುವವರಿಗೂ ಬಂಡೆಯಿಂದ ಸಮುದ್ರಕ್ಕೆ ಹಾರುವವರಿಗೂ ನಡುವೆ. ಆಗ ನನಗೆ ಭಯವೇ ಇರಲಿಲ್ಲ. ನೀನು ನನ್ನ ಪಕ್ಕದಲ್ಲೇ ಕೂತು ಬೀನ್ಸ್ ತಿನ್ನುತ್ತಾ ನಿನ್ನದೇ ಕಾರು ಪಲ್ಟಿ ಹೊಡೆಯುವುದನ್ನು ನೋಡಿ ನಗುತ್ತಿದ್ದೆ. ನಾಲ್ಕು ವರ್ಷದ ಹಿಂದೆ, ಊರೆಲ್ಲ ಹಿಮ ಬಿದ್ದು ಜನ ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದ ದಿನ, ಇಡೀ ಓಟವನ್ನು ನೇರವಾಗಿ ತೋರಿಸಿದರಲ್ಲ, ಅವತ್ತಿಗೇ ನನ್ನ ನೆಮ್ಮದಿ ಹೋಯಿತು. ಈಗ ಮುಂದೆ ಏನಾಗುತ್ತದೆಂದು ಟಿ.ವಿ.ಯವರಿಗೂ ಗೊತ್ತಿರುವುದಿಲ್ಲ.

ಈ ಸಲ ನಿನ್ನ ಕಾರಿನೊಳಗೇ ಕ್ಯಾಮೆರಾ ಇಟ್ಟಿದ್ದರು. ಗಂಟೆಗೆ ಇನ್ನೂರು ಮೈಲಿ ವೇಗದಲ್ಲಿ ನಿನ್ನ ಮುಖ ಹೇಗಿರುತ್ತದೆಂದು ಮೊದಲ ಸಲ ನೋಡಿದೆ. ಎಡಗಣ್ಣು ಮುಚ್ಚಿತ್ತು. ವಿವರಣೆ ಹೇಳುವವನು, "ನೋಡ್ರಪ್ಪಾ, ಗಾರ್ಲಂಡ್ ಶೂಮೇಟ್ ನಮಗೆಲ್ಲ ಕಣ್ಣು ಹೊಡೀತಿದಾನೆ!" ಎಂದು ಕೂಗಿದ. ಮನೆ ತುಂಬ ನಗು. ನೆರೆಮನೆಯ ಪಾಲೀನ್ ಆಬ್ಷರ್ ಈ ವಯಸ್ಸಿನಲ್ಲಿ ನಾಚಿ ಕೆಂಪಾದಳು. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ನಿಂತಾಗ ನಗು ಬರಲಿಲ್ಲ.

ಕಣ್ಣಿಗೆ ಏನಾಗಿದೆ? ಫೋನ್ ಮಾಡಬೇಡ, ಬರೆ. ನಮ್ಮ ಫೋನ್ ಲೈನ್ ಒಂದೇ, ಅದರಲ್ಲಿ ನಾಲ್ಕು ಮನೆ ಇವೆ, ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತದೆ, ನಾನು ಸೀನಿದರೂ ಪಾಲೀನ್ ದೇವರು ಕಾಪಾಡಲಿ ಅನ್ನುತ್ತಾಳೆ.

ನಿನ್ನ ಅಕ್ಕ,
ಇಮೋಜೀನ್


ಬೆಸ್ಸೆಮರ್, ಅಲಬಾಮಾ
ಮಾರ್ಚ್ 1, 1983

ಅಕ್ಕಾ,

ಕಣ್ಣಿಗೆ ಏನೂ ಆಗಿಲ್ಲ. ಧೂಳು, ಬಿಸಿಲು, ರಬ್ಬರ್ ಚೂರು. ಜೊತೆಗೆ ಪಕ್ಕದಲ್ಲಿ ಟಿ.ವಿ.ಯವರ ಆ ಡಬ್ಬ ಬೇರೆ ನನ್ನನ್ನೇ ದುರುಗುಟ್ಟಿ ನೋಡುತ್ತಿರುತ್ತದೆ. ಅವರ ಗಾಡಿಯಲ್ಲಿ ಯಾರೋ ಒಬ್ಬ ಗುಂಡಿ ತಿರುಗಿಸಿದರೆ ಅದು ತನ್ನಷ್ಟಕ್ಕೆ ಕತ್ತು ಹೊರಳಿಸುತ್ತದೆ. ಒಮ್ಮೆ ರಸ್ತೆ ನೋಡುತ್ತದೆ, ಒಮ್ಮೆ ನನ್ನನ್ನು ನೋಡುತ್ತದೆ. ನೀನಿದ್ದಿದ್ದರೆ ಅದಕ್ಕೊಂದು ಟವಲು ಹೊದೆಸುತ್ತಿದ್ದೆ.

ಆದರೆ ಈ ಕಣ್ಣು ಹೊಡೆದದ್ದು ಎಲ್ಲಿಗೆ ಹೋಗಿ ಮುಟ್ಟಿದೆ ಗೊತ್ತಾ? ನನಗೆ ಚೀಲಗಟ್ಟಲೆ ಕಾಗದ ಬರುತ್ತಿದೆ. ಅಯೋವಾದ ಹೆಂಗಸೊಬ್ಬಳು ಒಂದೇ ಕಣ್ಣು ಬರೆದ ಕೇಕ್ ಕಳಿಸಿದ್ದಾಳೆ. ದುಡ್ಡು ಕೊಟ್ಟು ನಮ್ಮ ಕಾರಿನ ಮೇಲೆ ಹೆಸರು ಹಾಕಿಸಿಕೊಂಡಿರುವ ಸಾಸೇಜ್ ಕಂಪನಿಯವರು ನನ್ನ ಮುಖದ ದೊಡ್ಡ ಪಟ ಅಚ್ಚು ಹಾಕಿಸುತ್ತಿದ್ದಾರೆ, ಕಣ್ಣು ಹೊಡೆಯುತ್ತಿರುವ ಮುಖ. ನಮ್ಮ ಕಾರಿನ ಧಣಿ ಪ್ರುಯಿಟ್ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನು ತಟ್ಟಿದ. "ಗಾರ್ಲಂಡ್, ಗೆಲ್ಲೋದು ಆಮೇಲೆ ನೋಡ್ಕೊಳ್ಳೋಣ, ಆ ಕಣ್ಣು ಮಾತ್ರ ನಿಲ್ಲಿಸ್ಬೇಡ" ಅಂದ.

ನೀನು ಟಿ.ವಿ. ಬಂದಾಗಿನಿಂದ ಹೆದರುತ್ತಲೇ ಇದ್ದೀಯ. ಹೆದರುವುದಾದರೆ ನಿನ್ನ ಕಾರ್ಖಾನೆಯ ಚಾಕುಗಳಿಗೆ ಹೆದರು.

ನಿನ್ನ ತಮ್ಮ,
ಗಾರ್ಲಂಡ್


ರೋರಿಂಗ್ ರಿವರ್
ಮಾರ್ಚ್ 7, 1983

ಗಾರ್ಲಂಡ್,

ಪಾಲೀನಳ ಗಂಡ ಹೋಯ್ಟ್ ಆಬ್ಷರ್ ಆ ಓಟವನ್ನು ತನ್ನ ವಿಡಿಯೊ ಯಂತ್ರದಲ್ಲಿ ಟೇಪ್ ಮಾಡಿಟ್ಟುಕೊಂಡಿದ್ದಾನೆ. ತಮ್ಮನ ಮುಖ ನೋಡಬೇಕು ಅನ್ನಿಸಿದೆ ಎಂದು ಸೇಬಿನ ಪೈ ಹಿಡಿದುಕೊಂಡು ಅವರ ಮನೆಗೆ ಹೋದೆ. ಪೂರ್ತಿ ಎರಡು ಸಲ ನೋಡಿದೆ.

ಕ್ಯಾಮೆರಾ ನಿನ್ನ ಕಡೆ ಒಂಬತ್ತು ಸಲ ತಿರುಗಿದೆ. ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ನಿನ್ನ ಎರಡೂ ಕಣ್ಣು ತೆರೆದಿವೆ. ಮುಂದೆ ಕಾರು ಬಂದ ತಕ್ಷಣ, ರಸ್ತೆ ಅಂಚಿನ ಗೋಡೆ ಹತ್ತಿರವಾದ ತಕ್ಷಣ, ಎಡಗಣ್ಣು ಮುಚ್ಚುತ್ತದೆ. ಒಂಬತ್ತು ಸಲವೂ ಹಾಗೆಯೇ. ಮೋಡ ಕವಿದಾಗಲೂ ಹಾಗೆಯೇ. ಧೂಳಿಗೆ ಗೋಡೆ ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?

ನಾನು ಈ ಮಾತನ್ನು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಐವತ್ತೊಂದರಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿ ಅಪ್ಪನ ತಲೆಗೆ ತೊಲೆ ಬಡಿಯಿತಲ್ಲ, ಆಗ ನಿನಗೆ ನಾಲ್ಕು ವರ್ಷ. ಹದಿನೈದು ದಿನ ಮಲಗಿದ್ದು ಎದ್ದು ಮತ್ತೆ ದಿಮ್ಮಿ ಲಾರಿ ಹತ್ತಿದರು. ಒಂದು ದಿನ ಶಾಲೆಗೆ ಬಿಡಲು ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡಿದ್ದರು. ಸೇತುವೆ ಹತ್ತಿರ ಬಂದಾಗ ಒಂದು ಕಣ್ಣು ಮುಚ್ಚಿಕೊಂಡರು. ಯಾಕೆ ಅಪ್ಪಾ ಅಂದೆ. "ಎರಡೂ ಬಿಟ್ರೆ ಎರಡು ಸೇತುವೆ ಕಾಣ್ಸುತ್ತೆ ಮಗಳೇ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾಳೆ" ಅಂದರು. ನಾನು ಹೇಳಲಿಲ್ಲ. ಅಪ್ಪ ನನಗೊಬ್ಬಳಿಗೇ ಗುಟ್ಟು ಹೇಳಿದರೆಂದು ಹೆಮ್ಮೆ ಬೇರೆ. ನವೆಂಬರಿನಲ್ಲಿ ಅದೇ ಸೇತುವೆಯಿಂದ ಲಾರಿ ಹೊಳೆಗೆ ಬಿತ್ತು.

ನಿನಗೆ ಎಲ್ಲವೂ ಎರಡೆರಡು ಕಾಣುತ್ತಿದೆಯೇ? ಹೌದು ಅಥವಾ ಇಲ್ಲ ಎಂದು ಬರೆ. ತಮಾಷೆ ಬೇಡ.

ಇಮೋಜೀನ್


ಬೆಸ್ಸೆಮರ್
ಮಾರ್ಚ್ 28, 1983

ಅಕ್ಕಾ,

ಮೂರು ವಾರ ನಿನ್ನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ನಿನ್ನೆ ಅಟ್ಲಾಂಟಾದಲ್ಲೂ ಅದು ಜೇಬಿನಲ್ಲೇ ಇತ್ತು.

ಹೌದು.

ಸೆಪ್ಟೆಂಬರಿನಲ್ಲಿ ಗೋಡೆಗೆ ಹೊಡೆದೆನಲ್ಲ, ಅವತ್ತಿನಿಂದ. ಡ್ರೈವರಿಗೆ ಪ್ರಜ್ಞೆ ಇದ್ದರೆ ಕಿಟಕಿಯ ಬಲೆಯನ್ನು ತಾನೇ ಬಿಚ್ಚಿ ಕೆಳಗೆ ಬಿಡಬೇಕು. ಬಲೆ ಬಿದ್ದರೆ ಬದುಕಿದ್ದಾನೆ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ನಾನು ಬಿಟ್ಟೆ. ಯಾವಾಗ ಬಿಟ್ಟೆನೋ ನೆನಪಿಲ್ಲ, ಕೈ ತನ್ನಷ್ಟಕ್ಕೆ ಕೆಲಸ ಮಾಡಿದೆ. ಬಲೆ ಬಿತ್ತು ಎಂದು ರೇಡಿಯೊದವರು ಹೇಳಿದರು, ನೀನೂ ಕೇಳಿ ಸಮಾಧಾನ ಮಾಡಿಕೊಂಡೆ. ನನ್ನನ್ನು ನೋಡಿದ ಡಾಕ್ಟರು ಹೆಸರು ಕೇಳಿದ, ವಾರ ಕೇಳಿದ, ಎರಡನ್ನೂ ಸರಿಯಾಗಿ ಹೇಳಿದೆ. ಆ ಡಾಕ್ಟರ ಪಕ್ಕದಲ್ಲಿ ಅಂಥದೇ ಇನ್ನೊಬ್ಬ ಡಾಕ್ಟರು ನಿಂತಿದ್ದ. ಅದನ್ನು ಮಾತ್ರ ಹೇಳಲಿಲ್ಲ.

ಒಂದು ಕಣ್ಣು ಮುಚ್ಚಿದರೆ ಎರಡು ಗೋಡೆ ಒಂದಾಗುತ್ತವೆ. ಆದರೆ ಒಂದೇ ಕಣ್ಣಿಗೆ ದೂರ ಗೊತ್ತಾಗುವುದಿಲ್ಲ. ಮುಂದಿನ ಕಾರು ಒಂದು ಮೊಳ ದೂರದಲ್ಲಿದೆಯೋ ಒಂದು ಗೇಣಿದೆಯೋ ಬರೀ ಅಂದಾಜು. ನಿನ್ನೆ ಒಂದು ಸಲ ಅಂದಾಜು ತಪ್ಪಿತು. ಮುಂದಿದ್ದವನಿಗೆ ಬಂಪರ್ ತಾಗಿತು, ಅವನು ಹೇಗೋ ಸಂಭಾಳಿಸಿಕೊಂಡ. ಓಟ ಮುಗಿದ ಮೇಲೆ ಬಂದು, "ಏನಯ್ಯಾ, ಕಣ್ಣು ಹೊಡೆದಿದ್ದು ಸಾಲ್ದು ಅಂತ ಕಾರೂ ಹೊಡೀತೀಯಾ?" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಗಾಡಿಗಳ ಹಿಂದೆ ಹೋಗಿ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ.

ನನಗೆ ಮೂವತ್ತಾರು ವರ್ಷ. ಈ ಸೀಟು ಬಿಟ್ಟರೆ ಇನ್ನೊಂದು ಸಿಕ್ಕುವುದಿಲ್ಲ. ಹದಿನಾಲ್ಕು ವರ್ಷ ಯಾರೂ ನನ್ನ ಹೆಸರು ಕೇಳಿರಲಿಲ್ಲ, ಈಗ ಪೆಟ್ರೋಲ್ ಬಂಕಿನಲ್ಲಿ ಮಕ್ಕಳು ನನ್ನನ್ನು ನೋಡಿ ಕಣ್ಣು ಹೊಡೆಯುತ್ತಾರೆ. ಕಣ್ಣು ತಾನಾಗಿ ಸರಿಹೋಗಬಹುದು, ಕೆಲವರಿಗೆ ಹೋಗುತ್ತದಂತೆ. ಅಪ್ಪನ ವಿಷಯ ಓದಿದೆ. ಅದು ನಿನ್ನ ತಪ್ಪಲ್ಲ. ಇದನ್ನು ಯಾರಿಗೂ ಹೇಳಬೇಡ.

ಗಾರ್ಲಂಡ್


ರೋರಿಂಗ್ ರಿವರ್
ಏಪ್ರಿಲ್ 11, 1983

ಗಾರ್ಲಂಡ್,

ನಿನ್ನೆಯ ಓಟ ಟಿ.ವಿ.ಯಲ್ಲಿ ಇರಲಿಲ್ಲ, ರೇಡಿಯೊ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತೆ. ರೇಡಿಯೊದಲ್ಲಿ ನಿನ್ನ ಹೆಸರು ಬರುವುದು ಎರಡೇ ಕಾರಣಕ್ಕೆ, ನೀನು ಮುಂದೆ ಬಂದರೆ ಅಥವಾ ಗೋಡೆಗೆ ಹೊಡೆದರೆ. ಮೂರೂವರೆ ಗಂಟೆ ನಿನ್ನ ಹೆಸರು ಬರದಿರಲಿ ಎಂದು ಬೇಡಿಕೊಂಡೆ. ಒಂದು ಸಲ "ಶೂಮೇಟ್" ಅಂದ. ಕೈಯಲ್ಲಿದ್ದ ಚಹಾದ ಲೋಟ ನೆಲಕ್ಕೆ ಬಿತ್ತು. ನೀನು ಹನ್ನೆರಡನೆಯ ಜಾಗದಲ್ಲಿದ್ದೀ ಎಂದು ಹೇಳಲು ಅಂದದ್ದು, ಅಷ್ಟೇ.

ನಾನು ಪ್ರುಯಿಟ್‌ಗೆ ಕಾಗದ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಪೋಸ್ಟ್ ಮಾಡಿದೆ. ಎಲ್ಲವನ್ನೂ ಹೇಳಿದ್ದೇನೆ. ಒಂದು ಸಲ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ.

ಬೈಯಬೇಕಾದರೆ ಬೈದು ಬರೆ. ಬದುಕಿದ್ದು ಬೈ.

ಇಮೋಜೀನ್


ಬೆಸ್ಸೆಮರ್
ಏಪ್ರಿಲ್ 14, 1983

ನಿನಗೆ ಒಂದೇ ಒಂದು ಮಾತು ಹೇಳಿದ್ದೆ, ಯಾರಿಗೂ ಹೇಳಬೇಡ ಎಂದು. ನನ್ನ ಹದಿನಾಲ್ಕು ವರ್ಷವನ್ನು ಒಂದು ಅಂಚೆಚೀಟಿಯಲ್ಲಿ ಮುಗಿಸಿಬಿಟ್ಟೆ. ಅಪ್ಪನ ಋಣ ತೀರಿಸಲು ನನ್ನನ್ನು ಬಲಿ ಕೊಟ್ಟೆಯಾ? ಇನ್ನು ನನಗೆ ಬರೆಯಬೇಡ.

ಗಾರ್ಲಂಡ್


ಬೆಸ್ಸೆಮರ್
ಏಪ್ರಿಲ್ 26, 1983

ಅಕ್ಕಾ,

ಬರೆಯಬೇಡ ಎಂದವನು ನಾನೇ, ಈಗ ಬರೆಯುತ್ತಿರುವವನೂ ನಾನೇ. ಹೋದ ಕಾಗದವನ್ನು ಒಲೆಗೆ ಹಾಕು.

ಹತ್ತು ದಿನ ಪ್ರುಯಿಟ್ ಯಾವಾಗ ಕರೆಯುತ್ತಾನೋ ಎಂದು ಕಾದೆ. ಅವನು ಕರೆಯಲಿಲ್ಲ. ನಿನ್ನ ಕಾಗದ ಕಳೆದುಹೋಗಿರಬೇಕು ಎಂದುಕೊಂಡೆ, ಖುಷಿಯೂ ಆಯಿತು. ನಿನ್ನೆ ಶೆಡ್ಡಿನಲ್ಲಿ ಎಂಜಿನ್ ಕೆಳಗೆ ಮಲಗಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಿಮ್ಮಕ್ಕನ ಅಕ್ಷರ ಚೆನ್ನಾಗಿದೆ ಕಣೋ" ಅಂದ.

"ಅವಳು ಸುಮ್ನೆ ಗಾಬರಿಬೀಳ್ತಾಳೆ, ನೀವು ತಲೆ ಕೆಡಿಸ್ಕೋಬೇಡಿ" ಅಂದೆ.

"ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ? ನಂಗೆ ಅಕ್ಟೋಬರ್‌ನಿಂದ್ಲೇ ಗೊತ್ತು. ಪಿಟ್‌ಗೆ ಟೈರ್ ಬದಲಿಸೋಕೆ ಬರೋವಾಗ ತಲೆ ಓರೆ ಮಾಡ್ಕೊಂಡು ಬರ್ತೀಯ. ಟೈರ್ ಹಾಕೋರಿಗೆಲ್ಲ ಗೊತ್ತು, ನೀನು ಬರೋವಾಗ ಅವ್ರು ಎರಡು ಹೆಜ್ಜೆ ಹಿಂದೆ ನಿಂತ್ಕೋತಾರೆ, ನೋಡಿಲ್ವಾ?"

ನಾನು ನೋಡಿರಲಿಲ್ಲ.

"ಒಂದು ಕಣ್ಣಲ್ಲಿ ಏಳನೇ ಜಾಗ ತಂದೆ. ಎರಡಿರೋರು ಇಪ್ಪತ್ತಕ್ಕೂ ಬರಲ್ಲ. ಸಾಸೇಜಿನೋರಿಗೆ ಆ ಕಣ್ಣೇ ಬೇಕು. ಭಾನುವಾರ ಟಾಲಡೆಗಾದಲ್ಲಿ ಮತ್ತೆ ನಿನ್ನ ಕಾರಲ್ಲೇ ಕ್ಯಾಮೆರಾ. ಅಕ್ಕಂಗೆ ತಿನ್ನೋಕೆ ಒಂದು ಹ್ಯಾಮ್ ಕಳಿಸ್ತೀನಿ, ಸಮಾಧಾನ ಆಗ್ತಾರೆ" ಎಂದು ನನ್ನ ಮೊಣಕಾಲು ತಟ್ಟಿ ಎದ್ದು ಹೋದ.

ಅಕ್ಕಾ, ಏಳು ತಿಂಗಳಿಂದ ನನಗಿದ್ದ ಭಯ ಒಂದೇ, ಯಾರಿಗಾದರೂ ಗೊತ್ತಾದರೆ ನನ್ನನ್ನು ಇಳಿಸಿಬಿಡುತ್ತಾರೆ ಎಂದು. ಹಾಗೆ ಹೆದರಿಕೊಂಡಿದ್ದಾಗಲೂ ಎಲ್ಲೋ ಒಳಗೆ ಧೈರ್ಯವಿತ್ತು. ತೀರಾ ಕೈಮೀರಿದರೆ ಯಾರಾದರೂ ನೋಡುತ್ತಾರೆ, ತಡೆಯುತ್ತಾರೆ. ಈಗ ಎಲ್ಲರಿಗೂ ಗೊತ್ತು. ಯಾರೂ ತಡೆಯುವುದಿಲ್ಲ. ದೇಶವೆಲ್ಲ ಟಿ.ವಿ.ಯಲ್ಲಿ ನನ್ನ ಕಣ್ಣನ್ನೇ ನೋಡುತ್ತಿದೆ, ಚಪ್ಪಾಳೆ ತಟ್ಟುತ್ತಿದೆ.

ಯಾರೂ ಇಳಿಸದಿದ್ದರೆ ನಾನೇ ಇಳಿಯಬೇಕು, ಹೀಗೆ ಮಾಡುತ್ತೇನೆ. ಭಾನುವಾರ ಓಟ ಶುರು ಮಾಡುತ್ತೇನೆ. ಕಾರನ್ನು ಯಾರು ಹೊರಡಿಸುತ್ತಾರೋ ಅವರ ಹೆಸರಿಗೇ ಅಂಕ ಬರುತ್ತದೆ, ಆಮೇಲೆ ಬೇರೆಯವನು ಓಡಿಸಿದರೂ ಸರಿ. ಹೊಟ್ಟೆ ಕೆಟ್ಟರೆ, ಬಿಸಿಲು ಬಡಿದರೆ ಎಲ್ಲರೂ ಹಾಗೆ ಮಾಡುತ್ತಾರೆ. ಲೇನ್ ಕಿಲ್ಲಿಯನ್ ಎಂಬ ಡ್ರೈವರಿಗೆ ಆ ದಿನ ಕಾರಿಲ್ಲ, ಅವನನ್ನು ಪಿಟ್‌ನಲ್ಲಿ ಹೆಲ್ಮೆಟ್ ಹಿಡಿದು ನಿಂತಿರಲು ಕೇಳಿಕೊಂಡಿದ್ದೇನೆ. ಮೊದಲ ಹಳದಿ ಬಾವುಟ ಬೀಸಿದಾಗ ಎಲ್ಲರೂ ನಿಧಾನವಾಗುತ್ತಾರೆ, ಆಗ ಒಳಗೆ ಬಂದು ಇಳಿದುಬಿಡುತ್ತೇನೆ. ಅದಕ್ಕೆ ಮುಂಚೆ ಬಂದರೆ ಎರಡು ಸುತ್ತು ಹಿಂದೆ ಬೀಳುತ್ತೇವೆ, ಹುಡುಗರ ಶ್ರಮವೆಲ್ಲ ಮಣ್ಣುಪಾಲು.

ಹಳದಿ ಬಾವುಟದವರೆಗೆ ನಾನು ಹುಷಾರಾಗಿರುತ್ತೇನೆ.

ನಿನ್ನ ತಮ್ಮ,
ಗಾರ್ಲಂಡ್


ರೋರಿಂಗ್ ರಿವರ್
ಮೇ 1, 1983, ಭಾನುವಾರ, ಮಧ್ಯಾಹ್ನ ಮೂರೂವರೆ

ಗಾರ್ಲಂಡ್,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿದ ತಕ್ಷಣ ಪಾಲೀನ್ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು ಫೋನ್ ಎತ್ತಿದೆ. ಶೆಡ್ಡಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ನೀವು ಇಳಿದುಕೊಳ್ಳುವ ಮೋಟೆಲಿಗೆ ಮಾಡಿದೆ, ಎಲ್ಲರೂ ಮೈದಾನಕ್ಕೆ ಹೋದರು ಅಂದ ಅಲ್ಲಿನ ಗುಮಾಸ್ತ. "ಶುರುವೂ ಮಾಡ್ಬೇಡ ಅಂತ ಗಾರ್ಲಂಡ್ಗೆ ಹೇಳಿ, ಅವನ ಅಕ್ಕ ಹೇಳಿದ್ಲು ಅಂತ ಹೇಳಿ" ಎಂದು ಕೂಗಿದೆ. ಯಾವ ಗಾರ್ಲಂಡ್ ಎಂದು ಕೇಳಿದ. "ಕಣ್ಣು ಹೊಡೆಯೋ ಗಾರ್ಲಂಡ್" ಅಂದೆ. ಓಹೋ ಎಂದು ನಕ್ಕು ಫೋನ್ ಇಟ್ಟುಬಿಟ್ಟ. ಲೈನಿನಲ್ಲಿ ಇನ್ನೊಂದು ಉಸಿರು ಹಾಗೇ ಇತ್ತು. "ಇಮೋಜೀನ್, ಅಳ್ಬೇಡ ಕಣೇ, ನಾನು ಬರ್ತೀನಿ ತಾಳು" ಅಂದಳು ಪಾಲೀನ್. ಬಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಬೈಯಬೇಡ.

ಇವತ್ತು ಮನೆ ತುಂಬ ಜನ ಬಂದು ಕೂತರು. ಹಸಿರು ಬಾವುಟ ಬೀಸಿದರು. ಹಳದಿ ಬಾವುಟ ಬರುವುದು ಯಾರಿಗಾದರೂ ಏನಾದರೂ ಆದಾಗ ಮಾತ್ರ. ಹತ್ತು ಸುತ್ತಾಯಿತು, ಇಪ್ಪತ್ತಾಯಿತು, ಯಾರಿಗೂ ಏನೂ ಆಗಲಿಲ್ಲ. ಎಂಥಾ ಸೊಗಸಾದ ಓಟ ಎಂದು ಟಿ.ವಿ.ಯವರು ಹೊಗಳುತ್ತಿದ್ದರು. ಕ್ಯಾಮೆರಾ ನಿನ್ನ ಕಡೆ ತಿರುಗಿದಾಗೆಲ್ಲ ಎಡಗಣ್ಣು ಮುಚ್ಚಿರುತ್ತಿತ್ತು, ನಮ್ಮ ಕೋಣೆಯಲ್ಲಿ ಎಲ್ಲರೂ ಹೋ ಎಂದು ಕೂಗುತ್ತಿದ್ದರು. ಮೂವತ್ತನೇ ಸುತ್ತಿನ ಹೊತ್ತಿಗೆ ನಾನು ಪಾದ್ರಿಯವರ ಪಕ್ಕದಲ್ಲೇ ಕೂತು ಒಂದು ಕೆಟ್ಟ ಪ್ರಾರ್ಥನೆ ಮಾಡಿದೆ. ಯಾರಿಗಾದರೂ ಏನಾದರೂ ಆಗಲಿ, ನನ್ನ ತಮ್ಮನಿಗೆ ಬೇಡ, ಬೇರೆ ಯಾರಿಗಾದರೂ ಆಗಲಿ ಎಂದು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇದೇ ಮಾತುಗಳಲ್ಲಿ ಕೇಳಿದೆ.

ಮೂವತ್ತೆಂಟನೆಯ ಸುತ್ತಿನಲ್ಲಿ ವರ್ಜಿಲ್ ಟೀಗ್‌ನ ಟೈರು ಒಡೆಯಿತು.

ನೀನು ಅವನ ಹಿಂದೆಯೇ ಇದ್ದೆ. ಆಗ ಕ್ಯಾಮೆರಾ ನಿನ್ನ ಭುಜದ ಮೇಲಿಂದ ರಸ್ತೆ ತೋರಿಸುತ್ತಿತ್ತು. ಬರೀ ಹೊಗೆ. ನೀನು ಯಾವ ಕಡೆ ಹೋಗುತ್ತೀಯೋ ನಿನಗೇ ಗೊತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು, ಎಡಕ್ಕೆ ಒಂದು ಕಾರು ಅಡ್ಡ ತಿರುಗಿತ್ತು, ನೀನು ಬಲಕ್ಕೆ ಎಳೆದೆ, ಗೋಡೆ ಪರದೆಯ ತುಂಬ ಬಂತು. ಪಾಲೀನ್ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಇನ್ನೂ ಇದೆ. ಹೊಗೆಯಿಂದ ಹೊರಗೆ ಬಂದೆ. ಮುಂದೆ ಖಾಲಿ ರಸ್ತೆಯಿತ್ತು, ಹಳದಿ ಬಾವುಟವಿತ್ತು.

ಟೀಗ್‌ನ ಕಾರು ಗೋಡೆಗೆ ಒರಗಿ ನಿಂತಿತ್ತು. ಕಿಟಕಿಯ ಬಲೆ ಬೀಳಲಿಲ್ಲ. ನಾನು ಎಣಿಸುತ್ತಾ ಕೂತೆ. ಅರವತ್ತು ದಾಟಿತು. ಅವನಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ಟಿ.ವಿ.ಯವರು ಹೇಳುತ್ತಿದ್ದರು, ಅವರು ಯಾಕೆ ಹಾಗೆ ಹೇಳುತ್ತಾರೆಂದು ನಮಗೆಲ್ಲ ಗೊತ್ತು. ನಾನು ಕೇಳಿದ್ದನ್ನು ದೇವರು ಕೊಟ್ಟುಬಿಟ್ಟ ಎಂದುಕೊಂಡೆ. ತೊಂಬತ್ತರ ಹತ್ತಿರ ಬಲೆ ಬಿತ್ತು. ಆಂಬುಲೆನ್ಸಿಗೆ ತಾನೇ ನಡೆದುಕೊಂಡು ಹೋದ. ಅವನ ಹೆಂಡತಿಗೆ ನಾನು ಏನೆಂದು ಬರೆಯಲಿ, ಹೇಳು. ಬರೆಯುವುದಿಲ್ಲ. ಆದರೆ ಮುಂದಿನ ಭಾನುವಾರ ಪಾದ್ರಿಯವರಿಗೆ ಹೇಳುತ್ತೇನೆ.

ಅಷ್ಟರಲ್ಲಿ ಟಿ.ವಿ.ಯವನು ನಿನ್ನ ಕಾರಿನ ರೇಡಿಯೊದಲ್ಲಿ ನಿನ್ನನ್ನು ಮಾತನಾಡಿಸಿದ. "ಗಾರ್ಲಂಡ್, ಭಲೇ ತಪ್ಪಿಸ್ಕೊಂಡ್ಯಪ್ಪಾ! ನಮ್ಮ ಜನಕ್ಕೆಲ್ಲ ಒಂದ್ಸಲ ಕಣ್ಣು ಹೊಡೆದುಬಿಡು ನೋಡೋಣ." ಕ್ಯಾಮೆರಾ ಕತ್ತು ಹೊರಳಿಸಿತು. ನೀನು ಅದರ ಕಡೆ ತಿರುಗಿದೆ, ಎರಡೂ ಕಣ್ಣು ಬಿಟ್ಟುಕೊಂಡು. ಎಷ್ಟು ಹೊತ್ತು ಹಾಗೆ ನೋಡಿದೆ! ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. "ಯಾಕೆ, ಇವತ್ತೇನಾಗಿದೆ ಇವನಿಗೆ?" ಎಂದು ಹೋಯ್ಟ್ ಕೇಳಿದ. "ಅವನಿಗೆ ಹೆದರಿಕೆಯಾಗಿದೆ ಕಣ್ರೀ" ಅಂದರು ಪಾದ್ರಿ.

ಆಮೇಲೆ ನೀನು ಕಾರನ್ನು ಪಿಟ್ ಒಳಗೆ ತಿರುಗಿಸಿದೆ. ಬೆಲ್ಟು ಬಿಚ್ಚುವುದು, ಕಿಟಕಿಯಿಂದ ಹೊರಗೆ ತೂರಿಕೊಳ್ಳುವುದು, ಎಲ್ಲ ಕಾಣಿಸಿತು. ನೀನು ಹೋದ ಮೇಲೂ ಕ್ಯಾಮೆರಾ ಆ ಸೀಟನ್ನೇ ತೋರಿಸುತ್ತಿತ್ತು. ಪಕ್ಕದಲ್ಲಿ ಪ್ರುಯಿಟ್ ಏನೋ ಅರಚುವುದು ಕೇಳಿಸಿತು. "ಅಯ್ಯೋ ಪಾಪ, ಅವನ ಓಟ ಇವತ್ತಿಗೆ ಮುಗೀತು" ಎಂದು ಟಿ.ವಿ.ಯವನು ಮರುಗಿದ, ನಮ್ಮ ಕೋಣೆಯಲ್ಲಿ ಎಲ್ಲರೂ ಲೊಚಗುಟ್ಟಿದರು. ನಾನೂ ಪಾಲೀನೂ ಚಪ್ಪಾಳೆ ತಟ್ಟಿದೆವು. ನಮಗೆ ಹುಚ್ಚು ಹಿಡಿದಿದೆ ಅಂದುಕೊಂಡರು.

ಓಟ ಇನ್ನೂ ನಡೆಯುತ್ತಿದೆ. ಟಿ.ವಿ.ಯ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಕ್ಯಾಮೆರಾ ಈಗ ಲೇನ್ ಕಿಲ್ಲಿಯನ್‌ನ ಮುಖ ತೋರಿಸುತ್ತಿದೆ, ಅವನ ಎರಡೂ ಕಣ್ಣು ತೆರೆದಿವೆ. ಅವನ ತಾಯಿ ಯಾವ ಊರಿನಲ್ಲಿ ಕೂತು ನೋಡುತ್ತಿದ್ದಾಳೋ. ಅವನು ಮುಗಿಸುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ.

ನಾಳೆ ಬೆಳಿಗ್ಗೆಯೇ ವಿನ್‌ಸ್ಟನ್-ಸೇಲಂನ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳುತ್ತೇನೆ. ಸೀಟು ಹೋದರೆ ಹೋಗಲಿ, ಅದರ ಬಗ್ಗೆ ಇಲ್ಲಿ ಕೂತು ಅಳೋಣ, ಇಬ್ಬರೂ ಸೇರಿ ಅಳೋಣ. ಈ ಕಾಗದ ಕೈಗೆ ಸಿಕ್ಕ ದಿನವೇ ಹೊರಡು. ಕಾರು ಓಡಿಸಿಕೊಂಡು ಬರಬೇಡ, ಬಸ್ಸಿನಲ್ಲಿ ಬಾ.

ನಿನ್ನ ಅಕ್ಕ,
ಇಮೋಜೀನ್